ನಾಲ್ಕು ಬೆರಳಿನ ಗ್ಲೌಸು

ಬ್ರೋನ್ಯುಸ್ ತಾತ ತೀರಿಕೊಂಡ ಸುದ್ದಿ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು. ಜೇನುಗಳಿಗೆ ಮಾತ್ರ ಗೊತ್ತಾಗಲಿಲ್ಲ.

ಹೇಳಬೇಕಾದವನು ಮಗ ರಿಮಾಸ್. ನಮ್ಮ ಕಡೆ ಜೇನು ಸಾಕಿದ ಯಜಮಾನ ಸತ್ತರೆ, ಹೆಣ ಮನೆಯಿಂದ ಹೊರಡುವ ಮೊದಲು ಮಗ ತೋಟಕ್ಕೆ ಹೋಗಿ ಒಂದೊಂದು ಪೆಟ್ಟಿಗೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಹೇಳಬೇಕು: ನಿಮ್ಮ ಯಜಮಾನ ಹೋದ, ಇನ್ನು ಮೇಲೆ ನಾನಿದ್ದೇನೆ, ನೀವು ಹೋಗಬೇಡಿ. ಹೇಳದೆ ಬಿಟ್ಟರೆ ಅವು ಯಜಮಾನನನ್ನು ಹುಡುಕಿಕೊಂಡು ಅವನ ಹಿಂದೆಯೇ ಹೋಗಿಬಿಡುತ್ತವೆ ಎನ್ನುತ್ತಾರೆ. ಮಾರ್ಸೆಲೆ ಅಜ್ಜಿ ಹೆಣದ ತಲೆದೆಸೆಯಲ್ಲಿ ಕೂತಿದ್ದಳು. ಸಾವಿನ ಹಾಡು ಹಾಡುವ ಹೆಂಗಸರು ಬಂದು ಬೆಂಚಿನ ಮೇಲೆ ಸಾಲಾಗಿ ಕೂರುವ ಮೊದಲೇ ಮಗನ ತೋಳು ಹಿಡಿದು, ಹೋಗಿ ಹೇಳಿ ಬಾ ಎಂದಳು. ಅವಳೇ ಹೋಗುವ ಹಾಗಿರಲಿಲ್ಲ. ಸೊಂಟ ಮುರಿದ ಮೇಲೆ ಅವಳ ಲೋಕ ಮಂಚದಿಂದ ಒಲೆಯವರೆಗೆ, ಒಲೆಯಿಂದ ಊಟದ ಮೇಜಿನವರೆಗೆ ಅಷ್ಟೇ.

ರಿಮಾಸ್ ಹೋದ. ಲಿಂಡನ್ ಮರ ಹೂಬಿಟ್ಟ ಕಾಲ. ನಾಲ್ಕು ಪೆಟ್ಟಿಗೆಗಳೂ ಸಂತೆಯ ಹಾಗೆ ಗದ್ದಲ ಮಾಡುತ್ತಿದ್ದವು. ಮೊದಲನೆಯದರ ಮುಂದೆ ನಿಂತು ಕೈ ಎತ್ತಿದ. ಎತ್ತಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅದೇ ಕೈಯನ್ನು ಜೇಬಿಗೆ ಹಾಕಿ ಸಿಗರೇಟು ತೆಗೆದ. ಕಣಜದ ಹಿಂದೆ ಹೋಗಿ ಪೂರ್ತಿ ಸೇದಿ, ಬಾಯಿ ಒರೆಸಿಕೊಂಡು ಒಳಗೆ ಬಂದ.

"ಹೇಳಿದ್ಯಾ?"

"ಹೇಳ್ದೆ."

"ನಾಲ್ಕಕ್ಕೂ?"

"ನಾಲ್ಕಕ್ಕೂ ಹೇಳ್ದೆ ಕಣಮ್ಮ."

ಅಡುಗೆಮನೆ ಕಿಟಕಿಯಲ್ಲಿ ನಿಂತು ಬಂದವರಿಗೆ ಕಪ್ಪು ರೊಟ್ಟಿ ಕೊಯ್ಯುತ್ತಿದ್ದ ಅವನ ಹೆಂಡತಿ ನಿಯೋಲೆ ಎತ್ತಿದ ಕೈಯನ್ನೂ ನೋಡಿದ್ದಳು, ಹೊಗೆಯನ್ನೂ ನೋಡಿದ್ದಳು. ಮನೆ ತುಂಬ ಜನ. ರೊಟ್ಟಿ ಸಾಲುವುದಿಲ್ಲವೇನೋ ಎಂಬ ಚಿಂತೆ ಬೇರೆ. ಅವಳು ಕೊಯ್ಯುವುದನ್ನು ಮುಂದುವರಿಸಿದಳು.

*

ಕಣಜದಲ್ಲಿ ಬೆತ್ತದ ಬುಟ್ಟಿಯೊಳಗೆ ಕೂತ, ಕತ್ತು ಸಣ್ಣ ಹೊಟ್ಟೆ ದುಂಡನೆಯ ಒಂದು ಗಾಜಿನ ಬುರುಡೆ ಇತ್ತು, ಎರಡು ಕೈಯಲ್ಲಿ ತಬ್ಬಿ ಎತ್ತಬೇಕಾದಷ್ಟು ದೊಡ್ಡದು. ತಾತ ಅದನ್ನು ಮದುವೆಯಾದ ಹೊಸದರಲ್ಲಿ ಕೊಂಡು ತಂದದ್ದು. ಪ್ರತಿ ಬೇಸಿಗೆ ಮುಗಿಯುವಾಗ, ಈ ಸಲ ಜೇನುಮದ್ಯ ಹಾಕಿಯೇ ತೀರುತ್ತೇನೆ ಎನ್ನುತ್ತಿದ್ದ. ಪ್ರತಿ ವಸಂತದಲ್ಲಿ ಅದರೊಳಗೆ ಬರ್ಚ್ ಮರದ ಕಾಂಡದಿಂದ ಇಳಿಸಿದ ಸಿಹಿನೀರು ತುಂಬಿಸುತ್ತಿದ್ದ. ಮದುವೆಯ ಐವತ್ತನೇ ವರ್ಷಕ್ಕೂ ಹಾಕಲಿಲ್ಲ. ಸಾಯುವ ವಾರ ಮಲಗಿದ್ದಲ್ಲಿಂದಲೇ, ಮಾರ್ಸೆಲೆ, ಈ ಸಲ ಹಾಕೇ ಬಿಡೋಣ ಎಂದಿದ್ದನಂತೆ.

ಸೆಪ್ಟೆಂಬರಿನಲ್ಲಿ, ಆಲೂಗೆಡ್ಡೆ ಅಗೆದು ನೆಲಮಾಳಿಗೆಗೆ ಸೇರಿಸಿ ಎಲ್ಲರೂ ಸೊಂಟ ಹಿಡಿದುಕೊಂಡು ಕೂತಿದ್ದಾಗ, ಅಜ್ಜಿ ಬುರುಡೆಯನ್ನು ಒಳಗೆ ತರಲು ಹೇಳಿದಳು. ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟಕ್ಕೆ ಜೇನುಮದ್ಯ ಆಗಬೇಕು. ಅವನಿಲ್ಲದ ಮೊದಲ ವರ್ಷ. ಆ ಸಂಜೆ ಸತ್ತವರಿಗೂ ತಟ್ಟೆ ಇಡುತ್ತೇವಲ್ಲ, ಅವನ ತಟ್ಟೆಯ ಪಕ್ಕದ ಲೋಟದಲ್ಲಿ ಅವನು ಹಾಕುತ್ತೇನೆಂದು ಹಾಕದೆ ಹೋದದ್ದು ಇರಬೇಕು.

ಆ ಸಂಜೆ ಯಾರೂ ಕುಡಿಯುವ ಹಾಗಿಲ್ಲವಲ್ಲ ಅತ್ತೆ, ಎಂದು ನಿಯೋಲೆ ನೆನಪಿಸಿದಳು.

"ನಾವ್ ಕುಡಿಯಲ್ಲ. ಅವನು ಕುಡೀತಾನೆ," ಎಂದಳು ಅಜ್ಜಿ.

ಆ ಮನೆಯಲ್ಲಿ ಯಾರೂ ಅದುವರೆಗೆ ಜೇನುಮದ್ಯ ಮಾಡಿದವರಲ್ಲ. ಕೌನಾಸ್‌ನಲ್ಲಿ ಓದುತ್ತಿದ್ದ ಮೊಮ್ಮಗಳು ಉಗ್ನೆ ಶುಕ್ರವಾರದ ಬಸ್ಸಿಗೆ ಬಂದವಳು ಫೋನಿನಲ್ಲಿ ವಿಧಾನ ಹುಡುಕಿದಳು. ಒಬ್ಬ ಕುದಿಸು ಎನ್ನುತ್ತಾನೆ, ಇನ್ನೊಬ್ಬ ಕುದಿಸಿದರೆ ಸತ್ತೆ ಎನ್ನುತ್ತಾನೆ. ಜೇನು ಎಷ್ಟು ಬೇಕು ಅನ್ನುವುದರಲ್ಲಿ ಮಾತ್ರ ಎಲ್ಲರಿಗೂ ಒಂದೇ ಅಭಿಪ್ರಾಯ: ಬಹಳ ಬೇಕು.

ಮನೆಯಲ್ಲಿ ಜೇನಿರಲಿಲ್ಲ. ತಾತ ಹಾಸಿಗೆ ಹಿಡಿದದ್ದೇ ಜೇನು ತೆಗೆಯುವ ಹೊತ್ತಿಗೆ. ಅವನು ಮಲಗುವ ಮೊದಲು ಪೆಟ್ಟಿಗೆಯ ಒಂದೇ ಒಂದು ಮೇಣದ ಚೌಕಟ್ಟು ಹೆರೆದು ತುಂಬಿಸಿದ ಪುಟ್ಟ ಜಾಡಿಯೊಂದಿತ್ತು. ವಸಂತದ ಹೂವುಗಳದು, ಬೆಳ್ಳಗಿನದು. ಅದನ್ನು ಅಜ್ಜಿ ದೇವಮಾತೆಯ ಪಟದ ಹಿಂದೆ ಇಟ್ಟುಬಿಟ್ಟಿದ್ದಳು. ಅದೂ ಆ ಸಂಜೆಗೇ. ಬೇಯಿಸಿದ ಗೋಧಿಗೆ ಗಸಗಸೆ ಹಾಲು ಹಾಕಿ ಜೇನು ಬೆರೆಸಿ ಮೊದಲ ತುತ್ತು ಸತ್ತವರ ತಟ್ಟೆಗೆ ಬಡಿಸುತ್ತೇವೆ, ಆ ತುತ್ತಿಗೆ. ಬೇರೆ ಯಾರೂ ಜಾಡಿಯನ್ನು ಮುಟ್ಟುವ ಹಾಗಿರಲಿಲ್ಲ.

ಅಂದರೆ ಪೆಟ್ಟಿಗೆಗಳಿಂದ ತೆಗೆಯಬೇಕು. ಅಂದರೆ ರಿಮಾಸ್ ತೆಗೆಯಬೇಕು.

ರಿಮಾಸ್ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಾನೆ. ಕಾಡಿನ ಕೆಸರಿನಲ್ಲಿ ಹೂತ ಲಾರಿಯನ್ನು ಬೈಯುತ್ತ ಬೈಯುತ್ತಲೇ ಎತ್ತಬಲ್ಲ. ಆದರೆ ಚಿಕ್ಕವನಿದ್ದಾಗ ಒಮ್ಮೆ ತುಟಿ ಊದಿಸಿಕೊಂಡ ಮೇಲೆ ಅವನು ಜೇನಿನ ತಂಟೆಗೆ ಹೋದವನೇ ಅಲ್ಲ. ಅಜ್ಜಿ ಮಂಚದ ಮೇಲಿಂದ ಹೇಳಿಕೊಟ್ಟಳು. ಹೊಗೆ ಹಾಕು. ಮೆಲ್ಲಗೆ ಎತ್ತು. ಬದಿಯ ಚೌಕಟ್ಟು ಮಾತ್ರ ತೆಗಿ, ನಡುವಿನದು ಅವುಗಳ ಚಳಿಗಾಲದ ಊಟ, ಅದನ್ನು ಮುಟ್ಟಬೇಡ. ತೆಗೆದಷ್ಟಕ್ಕೆ ಬದಲಾಗಿ ಸಕ್ಕರೆ ಪಾಕ ಮಾಡಿ ಇಡು, ಚಳಿ ಬರುವ ಮೊದಲೇ.

ತಾತನ ಬಲೆಯ ಟೋಪಿ ಹಾಕಿಕೊಂಡು ರಿಮಾಸ್ ತೋಟಕ್ಕೆ ಇಳಿದ. ಯಾವುದು ಬದಿ, ಯಾವುದು ನಡು ಎಂದು ನೋಡುವಷ್ಟು ಸಮಾಧಾನ ಅವನಿಗಿರಲಿಲ್ಲ. ಭಾರವಾದದ್ದೆಲ್ಲ ಎತ್ತಿದ. ಮೂರು ಪೆಟ್ಟಿಗೆ ಹಾಗೇ ಬರಿದಾದವು. ನಾಲ್ಕನೆಯದು ಜಗಳಗಂಟಿ. ಒಂದೆರಡು ಚೌಕಟ್ಟು ಎಳೆಯುವಷ್ಟರಲ್ಲಿ ಅವನನ್ನು ಕಣಜದವರೆಗೆ ಅಟ್ಟಿಸಿಕೊಂಡು ಬಂತು. ಒಂದು ಕಣ್ಣು ಮುಚ್ಚಿಹೋಗಿ, ಎರಡು ಬಕೆಟ್ ಹಿಡಿದು ಒಳಗೆ ಬಂದ.

"ಅವುಗಳ ಪಾಲು ಬಿಟ್ಯಾ?"

"ಬಿಟ್ಟೆ."

ಸಕ್ಕರೆ ಮೂಟೆಯನ್ನೂ ತಂದ. ಅದನ್ನು ಕಣಜದಲ್ಲಿ ಇಳಿಸಿದ ಮರುದಿನವೇ ಲಟ್ವಿಯಾ ಗಡಿಯ ಕಡೆಗೆ ಬಾಡಿಗೆ ಬಂತು. ಅದು ಮುಗಿದರೆ ಇನ್ನೊಂದು. ಮೂಟೆ ಬಿಚ್ಚಿದವಳು ನಿಯೋಲೆ, ಸೇಬಿನ ಜಾಮಿಗೆ. ಒಂದು ಬಟ್ಟಲಲ್ಲವೇ ಎಂದು ತೆಗೆದಳು. ಆ ವರ್ಷ ಸೇಬು ಜಾಸ್ತಿ.

*

ಮದ್ಯ ಹಾಕಿದ ಶನಿವಾರ ಆ ಮನೆಯಲ್ಲಿ ತಾತ ಹೋದ ಜೂನ್ ಆದಮೇಲೆ ಮೊದಲ ಸಲ ನಗು ಕೇಳಿಸಿತು. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಜೇನು ಸುರಿದು ಕಲಕಿದರು. ನೊರೆ ಎದ್ದಂತೆಲ್ಲ ಉಗ್ನೆ ಚಮಚದಲ್ಲಿ ತೆಗೆದು ಬಟ್ಟಲಿಗೆ ಹಾಕುತ್ತಿದ್ದಳು, ಹಾಕುವ ಮೊದಲು ನೆಕ್ಕುತ್ತಿದ್ದಳು. ಕಹಿಗೆ ಹಾಪ್ಸ್ ಹೂವು, ಘಮಕ್ಕೆ ಜುನಿಪರ್ ಕಾಯಿ, ಒಣಗಿಸಿದ ಲಿಂಡನ್ ಹೂವು ಬಟ್ಟೆಯಲ್ಲಿ ಕಟ್ಟಿ ಮುಳುಗಿಸಿದ್ದಾಯಿತು. ಆರಿದ ಮೇಲೆ ಯೀಸ್ಟ್. ಬುರುಡೆ ಕತ್ತಿನವರೆಗೆ ತುಂಬಿ, ಒಲೆಯ ಹಿಂದಿನ ಬೆಚ್ಚನೆ ಮೂಲೆಯಲ್ಲಿ ಕೂತಿತು.

ಬಾಯಿ ಬಿಗಿಯಾಗಿ ಮುಚ್ಚಿದರೆ ಒಡೆಯುತ್ತದೆ, ತೆರೆದಿಟ್ಟರೆ ಹುಳಿಯಾಗುತ್ತದೆ. ಉಗ್ನೆ ಮುಂದಿನ ವಾರ ಗಾಜಿನ ಕೊಳವೆ ತರುತ್ತೇನೆಂದಳು. ಕೊಳವೆ ಯಾಕೆ, ನಮ್ಮಪ್ಪ ಸೇಬಿನ ಮದ್ಯಕ್ಕೆ ರಬ್ಬರ್ ಗ್ಲೌಸು ಹಾಕುತ್ತಿದ್ದ ಎಂದಳು ಅಜ್ಜಿ. ಗ್ಲೌಸು ಎದ್ದು ನಿಂತರೆ ಕೆಲಸ ನಡೀತಿದೆ, ಮಲಗಿದರೆ ಮುಗಿಯಿತು ಅಂತ ಲೆಕ್ಕ. ನಿಯೋಲೆ ಪಾತ್ರೆ ತೊಳೆಯುವ ಗುಲಾಬಿ ಗ್ಲೌಸು ಕೊಟ್ಟಳು. ಅದರ ತೋರುಬೆರಳು ಒಲೆಗೆ ತಾಗಿ ಸುಟ್ಟಿತ್ತು. ಉಗ್ನೆ ಆ ಬೆರಳನ್ನು ಬುಡದಲ್ಲೇ ದಾರದಿಂದ ಕಟ್ಟಿ, ಹೆಬ್ಬೆರಳಿಗೆ ಸೂಜಿಯಲ್ಲಿ ಒಂದು ತೂತು ಮಾಡಿ ಬುರುಡೆಯ ಬಾಯಿಗೆ ಏರಿಸಿದಳು. ಅದು ಒದ್ದೆ ಕಾಲುಚೀಲದ ಹಾಗೆ ಜೋತುಬಿತ್ತು.

ಮಾರನೆಯ ಬೆಳಿಗ್ಗೆ ಒಲೆ ಹಚ್ಚಲು ಬಂದ ನಿಯೋಲೆ ಕಟ್ಟಿಗೆ ಹಿಡಿದವಳು ಹಿಡಿದ ಹಾಗೇ ನಿಂತಳು. ಒಲೆಯ ಹಿಂದಿನಿಂದ ಒಂದು ಕೈ ಎದ್ದಿತ್ತು. ಅಂಗೈ ಅವಳ ಕಡೆಗೆ. ಬೆರಳು ನಾಲ್ಕೇ. ತೋರುಬೆರಳಿನ ಜಾಗದಲ್ಲಿ ಒಂದು ಮೋಟು.

ಬ್ರೋನ್ಯುಸ್ ತಾತನ ಬಲಗೈ ಹಾಗೇ ಇತ್ತು. ಯೌವನದಲ್ಲಿ ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸ ತೋರುಬೆರಳನ್ನು ತಿಂದಿತ್ತು. ಊಟಕ್ಕೆ ಕರೆದಾಗ ತೋಟದಿಂದ ಆ ಕೈಯನ್ನೇ ಎತ್ತಿ, ಬಂದೆ ಬಂದೆ ಎನ್ನುತ್ತಿದ್ದ.

ಒಬ್ಬೊಬ್ಬರಾಗಿ ಎಲ್ಲರೂ ಬಂದು ನೋಡಿದರು. ಅಜ್ಜಿ ಕೋಲೂರಿಕೊಂಡು ಬಂದು ಬುರುಡೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಗಾಜಿಗೆ ಕಿವಿ ಕೊಟ್ಟಳು. ಒಳಗೆ ಸಣ್ಣ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಮುಚ್ಚಳ ಹಾಕಿದ ಪೆಟ್ಟಿಗೆಯೊಳಗಿನ ಜೇನಿನ ಹಾಗೇ ಜುಂಯ್ ಎನ್ನುವ ಸದ್ದು.

"ಬಂದಿದಾನೆ," ಎಂದಳು.

"ಅಜ್ಜಿ, ಅದು ಗ್ಯಾಸು. ಯೀಸ್ಟು ಸಕ್ಕರೆ ತಿಂದು ಬಿಡೋದು."

"ಅವನಿಗೂ ಬಹಳ ಇತ್ತು ಗ್ಯಾಸು."

ಉಗ್ನೆ ನಕ್ಕಳು. ರಿಮಾಸ್ ನಗಲಿಲ್ಲ. ಅವತ್ತಿನಿಂದ ಮೇಜಿನಲ್ಲಿ ತನ್ನ ಜಾಗ ಬದಲಾಯಿಸಿ, ಒಲೆಗೆ ಬೆನ್ನು ಹಾಕಿ ಕೂರಲು ಶುರುಮಾಡಿದ.

*

ಅಕ್ಟೋಬರ್ ಪೂರ್ತಿ ಆ ಮನೆಯವರು ಒಂದು ಕೈಯ ಜೊತೆ ಊಟ ಮಾಡಿದರು. ಬಟಾಣಿ ಸಾರು, ಹುರಿದ ಅಣಬೆ, ತುರಿದ ಆಲೂಗೆಡ್ಡೆಯ ದೋಸೆ, ಮೇಲೆ ಹುಳಿ ಕೆನೆ, ಎಲ್ಲದಕ್ಕೂ ಅದು ಹಾಜರು. ನಿಯೋಲೆ ಅದರ ಮೇಲೆ ಟವೆಲ್ ಹಾಕಿ ನೋಡಿದಳು. ಟವೆಲ್ ಮೆಲ್ಲಗೆ ಎದ್ದಿತು. ಅದು ಇನ್ನೂ ಕೆಟ್ಟದಾಗಿ ಕಂಡಿತು, ತೆಗೆದಳು.

ಕಣಜಕ್ಕೆ ಸಾಗಿಸೋಣ ಎಂದು ಅವಳು ಗಂಡನ ಹತ್ತಿರ ಜಗಳವಾಡಿದಳು. ದಿನವೆಲ್ಲ ಶಾಲೆಯ ಅಡುಗೆಮನೆಯಲ್ಲಿ ನೂರು ಮಕ್ಕಳಿಗೆ ಬೇಯಿಸಿ ಬರುತ್ತೇನೆ, ನನ್ನ ಮನೆ ಒಲೆ ಮುಂದೆ ನಿಂತರೆ ಮಾವ ಬೆನ್ನ ಹಿಂದೆ ಕೈ ಎತ್ತಿಕೊಂಡು ನಿಂತಿರುತ್ತಾರೆ ಎಂದಳು. ಹೊರಗೆ ಇಟ್ಟರೆ ಚಳಿಗೆ ಸತ್ತುಹೋಗುತ್ತೆ ಎಂದಳು ಉಗ್ನೆ. ಯೀಸ್ಟಿನ ಮಾತು ಅವಳು ಆಡಿದ್ದು. ಆದರೆ ಸತ್ತುಹೋಗುತ್ತೆ ಎಂದ ಮೇಲೆ ಯಾರೂ ಅದನ್ನು ಎತ್ತಿ ಹೊರಗಿಡಲು ಮುಂದಾಗಲಿಲ್ಲ.

ಅಜ್ಜಿ ಬುರುಡೆಯ ಪಕ್ಕದ ಸ್ಟೂಲನ್ನು ತನ್ನದಾಗಿ ಮಾಡಿಕೊಂಡಳು. ತಾತನಿಗೆ ಒಂದು ಅಭ್ಯಾಸವಿತ್ತು: ಮನೆಯ ಸುದ್ದಿಯೆಲ್ಲ ಜೇನುಗಳಿಗೆ ಹೇಳುವುದು. ಹಸು ಕರು ಹಾಕಿದ್ದು, ಉಗ್ನೆ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದದ್ದು, ಮಾರ್ಸೆಲೆಯ ಸೊಂಟ ಮುರಿದದ್ದು, ಯಾವುದನ್ನೂ ಮುಚ್ಚಿಟ್ಟವನಲ್ಲ. ಈಗ ಅಜ್ಜಿ ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತ ಬುರುಡೆಗೆ ಹೇಳತೊಡಗಿದಳು. ಚಿಮಣಿ ಗುಡಿಸಿದ್ದಾಯಿತು. ಪಕ್ಕದ ಮನೆ ನಾಯಿ ನಮ್ಮ ಕೋಳಿ ಹಿಡಿಯಿತು. ರಿಮಾಸ್ ಯಾಕೋ ಸೊರಗಿದ್ದಾನೆ, ಕೇಳಿದರೆ ಹೇಳುವುದಿಲ್ಲ.

ರಿಮಾಸ್ ಅರ್ಧ ತಿಂದ ದೋಸೆ ಬಿಟ್ಟು ಎದ್ದು ಹೋದ.

ಸಂಜೆ ಲಾರಿ ನಿಲ್ಲಿಸಿ ಬಂದ ಕೂಡಲೇ ಅಜ್ಜಿಯ ಪ್ರಶ್ನೆ ಒಂದೇ. "ತಟ್ಟಿ ನೋಡಿದ್ಯಾ?" ಚಳಿಗಾಲದಲ್ಲಿ ಜೇನು ಹೊರಗೆ ಬರುವುದಿಲ್ಲ. ಪೆಟ್ಟಿಗೆ ತಟ್ಟಿ ಕಿವಿ ಇಟ್ಟರೆ ಒಳಗಿನಿಂದ ಗುಂಯ್ ಎಂದು ಒಂದು ಉತ್ತರ ಬರುತ್ತದೆ. ಬಂದರೆ ಬದುಕಿವೆ ಎಂದರ್ಥ.

"ತಟ್ದೆ."

"ಏನಂದ್ವು?"

"ಗುಂಯ್ ಅಂದ್ವು."

ಅವನು ತೋಟದ ಕಡೆ ಹೋಗುತ್ತಲೇ ಇರಲಿಲ್ಲ. ಲಾರಿಯಿಂದ ಇಳಿದವನು ಕಣಜದ ಹಿಂದೆ ಸಿಗರೇಟು ಮುಗಿಸಿ ನೇರ ಒಳಗೆ ಬರುತ್ತಿದ್ದ. ಸಾರು ಬಡಿಸುವಾಗ ನಿಯೋಲೆಗೆ ಅವನ ಕೋಟಿನಿಂದ ಹೊಗೆಯ ವಾಸನೆ ಬರುತ್ತಿತ್ತು. ಬೂಟಿನಲ್ಲಿ ತೋಟದ ಮಣ್ಣು ಇರುತ್ತಿರಲಿಲ್ಲ. ಒಂದು ದಿನ ಅವಳು ಅತ್ತೆಗೆ ಕೇಳಿಸದ ಹಾಗೆ, ನಾಳೆಯಾದರೂ ಹೋಗಿ ಹೇಳಿಬಿಡು, ನಾಲ್ಕು ಮಾತು ತಾನೇ ಎಂದಳು.

"ಹುಳಗಳಿಗೆ ಸಾವಿನ ಸುದ್ದಿ ಹೇಳೋಕೆ ನಂಗೇನು ಹುಚ್ಚಾ?"

"ಹುಚ್ಚಿಲ್ದಿದ್ರೆ ಯಾಕೆ ಒಲೆಗೆ ಬೆನ್ನು ಹಾಕಿ ಕೂತ್ಕೋತೀಯ?"

ಅದಕ್ಕೆ ಅವನು ಉಪ್ಪು ಕೊಡು ಎಂದ.

*

ನವೆಂಬರ್ ಮೊದಲ ವಾರ ಸತ್ತವರ ದಿನ. ಮೋಡ ಕವಿದ ಬೆಳಿಗ್ಗೆಯೇ ಊರಿಗೆ ಊರೇ ಸ್ಮಶಾನದಲ್ಲಿ. ಒಂದೊಂದು ಗೋರಿಯ ಮೇಲೂ ಕೆಂಪು ಗಾಜಿನೊಳಗೆ ಮೇಣದ ದೀಪ. ಪೈನ್ ಮರಗಳ ಬುಡವೆಲ್ಲ ಕೆಂಡ ಹರವಿದ ಹಾಗೆ ಕಾಣುತ್ತಿತ್ತು. ಬ್ರೋನ್ಯುಸ್ ತಾತನ ಗೋರಿಯ ಹತ್ತಿರ ಆಗಲೇ ಒಬ್ಬರು ನಿಂತಿದ್ದರು: ಜೆನೋನಾಸ್, ತಾತನ ಜೇನುನೆಂಟ.

ನಮ್ಮಲ್ಲಿ ಜೇನುಹುಳವನ್ನು ಮಾರುವುದಿಲ್ಲ, ಕೊಳ್ಳುವುದಿಲ್ಲ. ನನ್ನ ಗೂಡಿನಿಂದ ಎದ್ದ ಹಿಂಡು ನಿನ್ನ ಮರದ ಮೇಲೆ ಕೂತರೆ ಅದು ನಿನ್ನದೂ ಹೌದು, ನನ್ನದೂ ಹೌದು. ಅವತ್ತಿನಿಂದ ನಾವಿಬ್ಬರೂ ನೆಂಟರು. ರಕ್ತದ ನೆಂಟರು ಜಗಳವಾಡಿ ಮಾತು ಬಿಡಬಹುದು, ಜೇನುನೆಂಟರು ಬಿಡುವ ಹಾಗಿಲ್ಲ. ಆ ನಾಲ್ಕು ಪೆಟ್ಟಿಗೆಗಳ ಮೂಲ ಜೆನೋನಾಸ್‌ನ ಹಿಂಡು. ಬೇಸಿಗೆಯಲ್ಲಿ ಅವನ ಗೂಡುಗಳಿಗೆ ಮರಿ ಕೊಳೆಯುವ ರೋಗ ಬಂದು ಎಲ್ಲವನ್ನೂ ಹೊಂಡದಲ್ಲಿ ಸುಟ್ಟಿದ್ದ. ಅವನ ವಂಶದ ಜೇನು ಉಳಿದಿದ್ದರೆ ಅದು ಬ್ರೋನ್ಯುಸ್‌ನ ತೋಟದಲ್ಲೇ. ಹೇಗಿವೆ ಎಂದು ಅವನು ಕೇಳಿದ.

ರಿಮಾಸ್ ದೀಪದ ಬತ್ತಿ ಸರಿಮಾಡುತ್ತ, ಚೆನ್ನಾಗಿವೆ ಚಿಕ್ಕಪ್ಪ ಎಂದ.

ಹಾಗಾದರೆ ನೋಡಿಯೇ ಹೋಗುತ್ತೇನೆ ಎಂದು ಜೆನೋನಾಸ್ ಅವರ ಜೊತೆಯೇ ಮನೆಗೆ ಬಂದ. ಚಹಾಕ್ಕೆ ಕೂತವನು ಒಲೆಯ ಹಿಂದಿನ ಕೈ ನೋಡಿ ನಗಲು ಬಾಯಿ ತೆರೆದ, ಬೆರಳು ಎಣಿಸಿದ, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಚಹಾ ಮುಗಿಸಿ ತೋಟದ ಕಡೆ ಹೊರಟಾಗ ರಿಮಾಸ್ ಏಳಲಿಲ್ಲ. ನಿಯೋಲೆ ಅವನ ಕೋಟು ತಂದು ಮಡಿಲಿಗೆ ಹಾಕಿದಳು. ಆಗ ಎದ್ದ. ಉಗ್ನೆಯೂ ಹಿಂದೆ ಹೋದಳು.

ಜೆನೋನಾಸ್ ಮೊದಲ ಪೆಟ್ಟಿಗೆ ತಟ್ಟಿ ಕಿವಿ ಇಟ್ಟ. ಮತ್ತೆ ತಟ್ಟಿದ. ಎರಡನೆಯದಕ್ಕೆ ಹೋದ. ಮೂರನೆಯದಕ್ಕೆ ಹೋದ. ಗಾಳಿ ಇರಲಿಲ್ಲ. ಅವನ ಗೆಣ್ಣಿನ ಸದ್ದು ಬಿಟ್ಟರೆ ತೋಟದಲ್ಲಿ ಬೇರೆ ಸದ್ದೇ ಇರಲಿಲ್ಲ. ನಾಲ್ಕನೆಯ, ಆ ಜಗಳಗಂಟಿಯ ಹತ್ತಿರ ಅವನು ಬಹಳ ಹೊತ್ತು ಬಗ್ಗಿದ್ದ. ಎದ್ದು, ಕೈಯಿಂದ ಉಗ್ನೆಯನ್ನು ಕರೆದು ಕೇಳಿಸಿದ. ಎಲ್ಲೋ ದೂರದ ಕೋಣೆಯಲ್ಲಿ ಯಾರೋ ನಿದ್ದೆಯಲ್ಲಿ ಉಸಿರಾಡಿದಂತೆ ಒಂದು ಎಳೆ ಸದ್ದು.

ಮೊದಲನೆಯದರ ಮುಚ್ಚಳ ತೆಗೆದರು. ಖಾಲಿ ಮೇಣದ ಹುಟ್ಟುಗಳು. ಒಂದೊಂದು ಕಣ್ಣಿನೊಳಗೂ ಒಂದೊಂದು ಜೇನು ತಲೆ ತೂರಿಸಿ ಹಾಗೇ ಸತ್ತಿತ್ತು. ಹೊರಗೆ ಬಾಲ ಮಾತ್ರ ಕಾಣುತ್ತಿತ್ತು. ತಳದಲ್ಲಿ ಉಳಿದವು ಕಾಳಿನ ಹಾಗೆ ರಾಶಿ ಬಿದ್ದಿದ್ದವು.

"ತಳ ನೆಕ್ಕಿ ನೆಕ್ಕಿ ಸತ್ತಿವೆ. ಹಸಿವು ಕಣಪ್ಪ ಇದು," ಎಂದ ಜೆನೋನಾಸ್. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಉಗ್ನೆಗೆ ಅನ್ನಿಸಿತು.

*

ಅಜ್ಜಿಗೆ ಯಾರೂ ಹೇಳಬೇಕಾಗಲಿಲ್ಲ. ಮೂವರೂ ಒಳಗೆ ಬಂದು ಬೂಟು ಕಳಚದೆ ನಿಂತದ್ದನ್ನು ನೋಡಿ, ಎಷ್ಟು ಎಂದು ಕೇಳಿದಳು. ಮೂರು ಎಂದ ಜೆನೋನಾಸ್. ನಾಲ್ಕನೆಯದೂ ಹಗುರ, ಕ್ರಿಸ್‌ಮಸ್ ನೋಡುವುದಿಲ್ಲ.

ಅಜ್ಜಿ ಕೈಲಿದ್ದ ಚಾಕು, ಆಲೂಗೆಡ್ಡೆ ಎರಡನ್ನೂ ಬಟ್ಟಲಿಗೆ ಹಾಕಿದಳು.

"ರಿಮಾಸ್, ಅಪ್ಪ ಹೋದ ದಿನ ಅವಕ್ಕೆ ಏನಂತ ಹೇಳ್ದೆ? ಹೇಳಿದ ಮಾತು ಹೇಳು."

ರಿಮಾಸ್ ಬೂಟಿನ ಲೇಸು ಬಿಚ್ಚಲು ಬಗ್ಗಿದ. ಒಲೆಯ ಹಿಂದೆ ಬುರುಡೆ ಜುಂಯ್‌ಗುಟ್ಟುತ್ತಿತ್ತು.

"ಹೇಳು. ನಿಮ್ಮ ಯಜಮಾನ, ಆಮೇಲೆ?"

"ಏನೂ ಹೇಳ್ಲಿಲ್ಲಮ್ಮ. ಕೈ ಎತ್ದೆ. ಬಾಯಿಗೆ ಬರ್ಲಿಲ್ಲ."

"ನಾನು ನೋಡಿದ್ದೆ ಅತ್ತೆ," ಎಂದಳು ನಿಯೋಲೆ. "ಅವತ್ತೇ ನೋಡಿದ್ದೆ. ಸಕ್ಕರೆನೂ ನಾನೇ ಖಾಲಿ ಮಾಡಿದ್ದು."

ಅಜ್ಜಿ ಸೊಸೆಯನ್ನು ನೋಡಲಿಲ್ಲ, ಮಗನನ್ನೂ ನೋಡಲಿಲ್ಲ. ಬುರುಡೆಯನ್ನು ನೋಡಿದಳು. "ಹಾಗಾದ್ರೆ ಇಲ್ಲೇ ಇದಾವೆ ಎಲ್ಲ," ಎಂದಳು. "ಮೂರು ಸಂಸಾರನೂ ತಂದು ಇದರೊಳಗೆ ಸುರಿದಿದೀವಿ. ನಾನು ಅವನು ಅಂದ್ಕೊಂಡು ದಿನಾ ಮಾತಾಡಿಸ್ತಿದ್ದೆ."

ಆಮೇಲೆ ಮಾತು ಬಂದದ್ದು ನಾಲ್ಕನೆಯದರ ಬಗ್ಗೆ. ಈ ಚಳಿಯಲ್ಲಿ ಪಾಕ ಇಟ್ಟರೆ ಉಪಯೋಗವಿಲ್ಲ, ಜೇನುಗಳಿಗೆ ನೀರು ಆರಿಸುವ ಶಕ್ತಿಯಿಲ್ಲ. ಜೇನುತುಪ್ಪಕ್ಕೆ ಪುಡಿ ಸಕ್ಕರೆ ಹಾಕಿ ರೊಟ್ಟಿ ಹಿಟ್ಟಿನ ಹಾಗೆ ಗಟ್ಟಿಯಾಗಿ ನಾದಿ, ಹಿಂಡಿನ ನೆತ್ತಿಯ ಮೇಲೆ ಇಡಬೇಕು. ಜೆನೋನಾಸ್‌ನ ಮನೆಯಲ್ಲಿ ಜೇನುತುಪ್ಪವಿತ್ತು, ಆದರೆ ರೋಗದ ಗೂಡಿನದು. ಮನುಷ್ಯರು ತಿನ್ನಬಹುದು, ಜೇನಿಗೆ ಕೊಟ್ಟರೆ ವಿಷ. ಅಂಗಡಿಯದ್ದು ಯಾವ ಗೂಡಿನದೋ ಯಾರಿಗೆ ಗೊತ್ತು, ಅದೂ ಆಗದು. ಈ ತೋಟದ್ದೇ ಆಗಬೇಕು. ಈ ತೋಟದ್ದು ಅಷ್ಟೂ ಬುರುಡೆಯೊಳಗೆ ಮದ್ಯವಾಗಿ ಕೂತಿತ್ತು.

ಯಾರೂ ಮಾತೆಯ ಪಟದ ಕಡೆ ನೋಡಲಿಲ್ಲ. ನೋಡದೆ ಇರುವುದೇ ಎದ್ದು ಕಾಣುತ್ತಿತ್ತು.

ಅಜ್ಜಿ ಕೋಲು ಹಿಡಿದು ಎದ್ದಳು. ಪಟದ ಹಿಂದೆ ಕೈ ಹಾಕಿ ಜಾಡಿ ತೆಗೆದಳು. ಮುಚ್ಚಳದ ಮೇಲೆ ಒಂದು ಹನಿ ಒಣಗಿತ್ತು, ತಾತನ ಹೆಬ್ಬೆರಳ ಗುರುತು ಇನ್ನೂ ಅದರಲ್ಲಿತ್ತು. ಮತ್ತೆ ಸ್ಟೂಲಿನ ಮೇಲೆ ಕೂತು ಅದನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಅದು ತಾತನ ತಟ್ಟೆಗೆ ಅಂತ ಇಟ್ಟಿದ್ದು ಅಜ್ಜಿ," ಎಂದಳು ಉಗ್ನೆ.

"ಸತ್ತವನಿಗೆ ಸಪ್ಪೆ ಗೋಧಿ ಸಾಕು. ಪಾತ್ರೆ ಕೊಡು."

ಮೂಟೆಯ ತಳದಲ್ಲಿ ಅಂಟಿ ಉಳಿದಿದ್ದ ಒದ್ದೆ ಸಕ್ಕರೆಯನ್ನು ಒಲೆಯ ಮೇಲೆ ಒಣಗಿಸಿ, ಕಾಫಿ ಪುಡಿ ಮಾಡುವ ಗಿರಣಿಯಲ್ಲಿ ನಿಯೋಲೆ ಬೀಸಿದಳು. ಅಜ್ಜಿ ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು ನಾದಿದಳು. ಯಾರನ್ನೂ ನಾದಲು ಬಿಡಲಿಲ್ಲ. ಉಂಡೆ ಬೆಳ್ಳಗೆ ಗಟ್ಟಿಯಾದ ಮೇಲೆ ತಟ್ಟಿ ಬಿಲ್ಲೆ ಮಾಡಿ, ಬೆರಳಿಗೆ ಅಂಟಿದ್ದನ್ನು ಕೂಡ ನೆಕ್ಕದೆ ಕೆರೆದು ಅದಕ್ಕೇ ಸೇರಿಸಿದಳು. ನಾನೂ ಬರುತ್ತೇನೆ ಎಂದಳು.

ಉಳುಮೆ ಮಾಡಿದ ಇಳಿಜಾರಿನಲ್ಲಿ ಅವಳನ್ನು ನಡೆಸುವುದು ಸಾಧ್ಯವಿರಲಿಲ್ಲ. ರಿಮಾಸ್ ಗೊಬ್ಬರದ ಒಂಟಿಚಕ್ರದ ಗಾಡಿ ತಂದು, ಒಳಗೆ ಕುರಿಚರ್ಮ ಹಾಸಿ, ತಾಯಿಯನ್ನು ಎತ್ತಿ ಕೂರಿಸಿದ. ಬಿಲ್ಲೆಯನ್ನು ಅವಳು ಎದೆಗೆ ಅವಚಿಕೊಂಡಳು, ತಣ್ಣಗಾಗದಿರಲಿ ಎಂದು. ನನ್ನ ಮದುವೆ ದಿಬ್ಬಣಕ್ಕೂ ಇಷ್ಟು ಕುಲುಕಾಡಿರಲಿಲ್ಲ ಎಂದು ಗೊಣಗಿದಳು. ಗಾಡಿಯ ಚಕ್ರ ದಾರಿಯುದ್ದಕ್ಕೂ ಕೀಚಲಾಗಿ ಕಿರುಚಿತು.

ಜೆನೋನಾಸ್ ಮುಚ್ಚಳ ಎತ್ತಿ, ಬಿಲ್ಲೆ ಇಟ್ಟು, ಹಳೆ ಉಣ್ಣೆ ಹೊದಿಸಿ ಮುಚ್ಚುವುದು ಒಂದು ಉಸಿರಿನಲ್ಲಿ ಮುಗಿಯಿತು. ಆಮೇಲೆ ಎಲ್ಲರೂ ಹಿಂದೆ ಸರಿದರು. ರಿಮಾಸ್ ತಾನಾಗಿಯೇ ಮುಂದೆ ಹೋದ. ಕೈ ಎತ್ತಿದ. ಆ ಕೈ ಜೂನ್‌ನಲ್ಲಿ ನಿಂತ ಎತ್ತರದಲ್ಲೇ ಮತ್ತೆ ನಿಂತಿತು. ಆಮೇಲೆ ಗೆಣ್ಣು ಮರಕ್ಕೆ ತಾಗಿತು.

"ಅಪ್ಪ ಹೋದ," ಎಂದ. "ಜೂನ್‌ನಲ್ಲೇ ಹೋದ. ನಾನು ಹೇಳ್ಲಿಲ್ಲ. ನಿಮ್ಮವರನ್ನೂ ನಾನೇ ಕೊಂದೆ. ಇನ್ಮೇಲೆ ನಾನಿದೀನಿ, ಅದನ್ನ ಕೇಳಿ ನಿಮಗೆ ಸಂತೋಷ ಆಗಲ್ಲ ಅಂತ ಗೊತ್ತು. ಆದ್ರೂ ಹೋಗಬೇಡಿ."

ಅಜ್ಜಿ ಗಾಡಿಯೊಳಗೆ ಕೂತೇ ಶಿಲುಬೆ ಗುರುತು ಹಾಕಿಕೊಂಡಳು.

ಕತ್ತಲಾಗುವ ಮೊದಲು ಸತ್ತ ಜೇನುಗಳನ್ನು ಗುಡಿಸಿ ತೆಗೆದರು. ಜೇನನ್ನು ನಾವು ಗುಂಡಿಗೆ ಎಸೆಯುವುದಿಲ್ಲ, ಮಣ್ಣು ಮಾಡುತ್ತೇವೆ. ಮೂರು ಪೆಟ್ಟಿಗೆಯವೂ ಸೇರಿ ನಿಯೋಲೆಯ ಜಾಮಿನ ಪಾತ್ರೆಯೊಂದು ತುಂಬಿತು. ಲಿಂಡನ್ ಮರದ ಬುಡದಲ್ಲಿ ರಿಮಾಸ್ ಅಗೆದ.

ಮರುದಿನ ಬೆಳಿಗ್ಗೆ ನೋಡಿದರೆ ಗ್ಲೌಸು ಬುರುಡೆಯ ಕತ್ತಿನ ಮೇಲೆ ಮಲಗಿತ್ತು. ಸಕ್ಕರೆ ಮುಗಿದಿರಬೇಕು, ಇಷ್ಟು ದಿನಕ್ಕೆ ಮುಗಿಯುವುದೇ ಸರಿ ಎಂದು ಉಗ್ನೆ ಫೋನು ನೋಡಿ ಹೇಳಿದಳು. ನಿಯೋಲೆ ಅದನ್ನು ತೆಗೆದು, ತೊಳೆದು, ದಾರ ಬಿಚ್ಚದೆ ಮೊಳೆಗೆ ತಗುಲಿಸಿದಳು. ಪಾತ್ರೆ ತೊಳೆಯಲು ಹೊಸ ಗ್ಲೌಸು ಕೊಂಡಳು.

*

ಕ್ರಿಸ್‌ಮಸ್ ಹಿಂದಿನ ಸಂಜೆ ಮೇಜಿನ ಮೇಲೆ ಒಣಹುಲ್ಲು ಹರವಿ ಬಿಳಿ ಬಟ್ಟೆ ಹಾಸಿದರು. ಮಾಂಸವಿಲ್ಲದ ಹನ್ನೆರಡು ಬಗೆ. ಹೆರಿಂಗ್ ಮೀನು, ಬೀಟ್‌ರೂಟ್, ಅಣಬೆ, ಗಸಗಸೆ ಹಾಲಿನಲ್ಲಿ ನೆನೆದ ಪುಟ್ಟ ಬಿಸ್ಕತ್ತು. ತಾತನ ಜಾಗದಲ್ಲಿ ತಟ್ಟೆ, ತಟ್ಟೆಯಲ್ಲಿ ದೀಪ, ಪಕ್ಕದಲ್ಲಿ ಲೋಟ. ಬುರುಡೆಯಿಂದ ಉಗ್ನೆ ಬಗ್ಗಿಸಿದ್ದು ಒಂದೇ ಲೋಟ. ಒಣಗಿದ ಎಲೆಯ ಬಣ್ಣ, ತಿಳಿಯಾಗಿತ್ತು.

ಅಜ್ಜಿ ಜೇನಿಲ್ಲದ ಗೋಧಿಯ ಮೊದಲ ತುತ್ತನ್ನು ಗಂಡನ ತಟ್ಟೆಗೆ ಹಾಕಿದಳು. ಚರ್ಚಿನಿಂದ ತಂದ ಪವಿತ್ರ ರೊಟ್ಟಿ ಮುರಿದು ಹಂಚಿಕೊಂಡರು. ಆಮೇಲೆ ಅವಳು ಆ ಲೋಟವನ್ನು ಎತ್ತಿ ನೆಲಕ್ಕೆ ಮೂರು ಹನಿ ಚೆಲ್ಲಿ, ಮಗನ ಮುಂದೆ ಇಟ್ಟಳು.

"ಇವತ್ತು ಕುಡಿಯೋ ಹಾಗಿಲ್ಲ ಅಲ್ವಾ," ಎಂದ ರಿಮಾಸ್.

"ನಿನಗೆ ಇವತ್ತೇ."

ಅವನು ಕುಡಿದ. ಒಂದೇ ಗುಟುಕಲ್ಲ, ನಿಧಾನವಾಗಿ, ತಳದವರೆಗೆ. ಹೇಗಿದೆ ಎಂದು ಉಗ್ನೆ ಕೇಳಿದಳು.

"ಸಿಹಿ ಒಂಚೂರೂ ಇಲ್ಲ. ಹೂವಿನ ವಾಸನೆ ಇದೆ."

"ಅದು ಅವುಗಳದ್ದು," ಎಂದಳು ಅಜ್ಜಿ. "ಉಳಿದದ್ದು ಮುಚ್ಚಿಡಿ. ಚೆಲ್ಲೋದು ಬೇಡ. ಪ್ರತಿ ವರ್ಷ ಒಂದು ಲೋಟ. ಬುರುಡೆ ಮುಗಿಯೋವರೆಗೂ."

ಊಟ ಮುಗಿದ ಮೇಲೆ ಯಾರೂ ಮೇಜು ತೆಗೆಯಲಿಲ್ಲ. ಆ ರಾತ್ರಿ ತೆಗೆಯುವ ಹಾಗಿಲ್ಲ, ನಾವು ಮಲಗಿದ ಮೇಲೆ ಸತ್ತವರು ಬಂದು ಕೂರುತ್ತಾರೆ. ರಿಮಾಸ್ ಕೋಟು ಹಾಕಿಕೊಂಡು ಹೊರಗೆ ಹೋದ. ಸಿಗರೇಟಿಗೆ ಎಂದುಕೊಂಡು ನಿಯೋಲೆ ಕಿಟಕಿಯಲ್ಲಿ ನೋಡಿದಳು. ಅವನು ಕಣಜವನ್ನು ದಾಟಿ ಹಿಮದಲ್ಲಿ ಇಳಿಜಾರು ಇಳಿಯುತ್ತಿದ್ದ. ಅವಳು ಶಾಲು ಹೊದ್ದು ಹಿಂದೆ ಹೋದಳು.

ಅವನು ನಾಲ್ಕನೆಯ ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದ. ತಟ್ಟಿ, ಕಿವಿ ಇಟ್ಟ. ಬಹಳ ಹೊತ್ತು ಇಟ್ಟ. ನಿಯೋಲೆ ಇನ್ನೊಂದು ಬದಿಯಲ್ಲಿ ಬಗ್ಗಿ ತನ್ನ ಕಿವಿಯನ್ನೂ ಇಟ್ಟಳು. ಮರ ಕೊರೆಯುವಷ್ಟು ತಣ್ಣಗಿತ್ತು. ಮೊದಲು ಏನೂ ಇರಲಿಲ್ಲ. ಆಮೇಲೆ ಒಳಗಿನಿಂದ, ಅಷ್ಟು ದಿನ ಅವಳ ಅಡುಗೆಮನೆಯಲ್ಲಿ ಬೆನ್ನ ಹಿಂದೆ ಕೇಳುತ್ತಿದ್ದ ಅದೇ ಸದ್ದು.

ರಿಮಾಸ್ ಬಾಯಿಯನ್ನು ಪೆಟ್ಟಿಗೆಯ ಸಂದಿಯ ಹತ್ತಿರ ತಂದ. ಮನೆಯ ಸುದ್ದಿ ಹೇಳತೊಡಗಿದ. ಉಗ್ನೆ ಪರೀಕ್ಷೆ ಪಾಸಾದಳು. ಅಮ್ಮನ ಸೊಂಟ ನೋವು ಹಾಗೇ ಇದೆ. ಮೂರು ಪೆಟ್ಟಿಗೆ ತೊಳೆದು ಒಣಗಿಸಿ ಇಟ್ಟಿದ್ದೇನೆ.

"ಊಟ ಆಯ್ತು," ಎಂದ ಕೊನೆಗೆ. "ತಟ್ಟೆ ಇನ್ನೂ ಎತ್ತಿಲ್ಲ. ಗೋಧಿಲಿ ಯಾಕೆ ಜೇನಿಲ್ಲ ಅಂತ ಅಪ್ಪ ಕೇಳಿದ್ರೆ, ನಿಮ್ಮ ಹತ್ರ ಇದೆ ಅಂತೀನಿ."